ಶಾರದಕ್ಕನ ಗೋತ್ರ

ಕಾಶಿಯ ಚಳಿಯಲ್ಲಿ ಕರಿಬೇವಿನ ಗಿಡವನ್ನು ಉಳಿಸಿಕೊಳ್ಳುವುದು ಸುಲಭದ ಮಾತಲ್ಲ. ಶಿವಾಲದ ನಮ್ಮ ಮನೆಯ ಮಾಳಿಗೆಯ ಮೇಲೆ ಕುಂಡದಲ್ಲಿದ್ದ ಒಂದೇ ಒಂದು ಗಿಡಕ್ಕೆ ಅಮ್ಮ ಸಂಜೆಯಾಯಿತೆಂದರೆ ಗೋಣಿಚೀಲ ಹೊದಿಸುತ್ತಿದ್ದಳು. ಮಂಜಿಗೂ ಮಂಗಗಳಿಗೂ ಸಿಗದೆ ಉಳಿದ ಎಲೆಗಳನ್ನು ಅವಳು ಒಗ್ಗರಣೆಗೆ ಹಾಕುವಾಗ, ದೇವರಿಗೆ ಹೂವೇರಿಸುವಷ್ಟೇ ಶ್ರದ್ಧೆ ಅವಳ ಮುಖದಲ್ಲಿ ಕಾಣುತ್ತಿತ್ತು. ನಾನು ತರಬೇತಿಗೆ ಹೊರಟ ಆ ಮಾಘದ ಬೆಳಿಗ್ಗೆಯೂ ಅವಳು ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿಕೊಟ್ಟಳು.

ಆಗ ನಾನು ಸಿಗರಾದ ಒಂದು ಪುಟ್ಟ ಆಫೀಸಿನಲ್ಲಿ ಲಾಡ್ಜುಗಳಿಗೆ, ಸೀರೆ ಅಂಗಡಿಗಳಿಗೆ ವೆಬ್ ಪುಟ ಮಾಡಿಕೊಡುತ್ತಿದ್ದೆ. ಬರಿದೆ ತೋರಿಸುವ ಪುಟಗಳ ಕಾಲ ಮುಗಿಯುತ್ತಿತ್ತು. ಬಂದವರನ್ನು ಮಾತನಾಡಿಸಿ, ಹೇಳಿದ್ದನ್ನು ನೆನಪಿಟ್ಟುಕೊಂಡು ಉತ್ತರ ಕೊಡುವ ಪುಟಗಳನ್ನು ಕಟ್ಟುವುದು ಹೇಗೆಂದು ಕಲಿಸುವ ಒಂದು ದಿನದ ತರಬೇತಿ ಅದು. ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಪುರೋಹಿತರಾದ ಅಪ್ಪ, ಹೊರಡುವ ಹೊತ್ತಿಗೆ ತಲೆಯೆತ್ತಿ, “ಒಂದು ದಿನದಲ್ಲಿ ಯಾವ ವಿದ್ಯೆ ಬರುತ್ತದಮ್ಮ?” ಎಂದಷ್ಟೇ ಕೇಳಿದರು.

ಕಲಿಸಲು ಪುಣೆಯಿಂದ ಬಂದಿದ್ದವರ ಹೆಸರು ಸುಧಾಕರ. ನಲವತ್ತರ ಆಸುಪಾಸು, ದಪ್ಪ ಕನ್ನಡಕ, ತಗ್ಗಿದ ದನಿ. ಅವರ ಪಕ್ಕದ ಕುರ್ಚಿಯ ಮೇಲೆ ಒಂದು ಬಟ್ಟೆಯ ಚೀಲವಿತ್ತು; ಯಾರೋ ಅದನ್ನು ಕೆಳಗಿಡಲು ಹೋದಾಗ ಅವರು ಓಡಿಬಂದಂತೆ ಬಂದು ತಡೆದರು. ಯಾತ್ರಿಕರು ಧರ್ಮಶಾಲೆಯಲ್ಲಿ ಕೋಣೆ ಕಾದಿರಿಸುವ ಪುಟವೊಂದನ್ನು ಕಟ್ಟಲು ನಮಗೆ ಹೇಳಿದರು. ರಾಮನಗರದಿಂದ ಬಂದಿದ್ದ ಒಬ್ಬಾತ ಎಲ್ಲರಿಗಿಂತ ಮೊದಲು ಮುಗಿಸಿ ತೋರಿಸಿದ. ಹೆಂಗಸರು ತಂದೆಯ ಅಥವಾ ಗಂಡನ ಹೆಸರು ಬರೆಯದ ಹೊರತು ಅವನ ಪುಟ ಮುಂದಕ್ಕೆ ಹೋಗುತ್ತಿರಲಿಲ್ಲ. ಸುಧಾಕರ ಆ ಪರದೆಯ ಮುಂದೆ ಬಹಳ ಹೊತ್ತು ನಿಂತರು.

“ಬರೆಯಲು ಇಷ್ಟವಿಲ್ಲದವರು ಬಂದರೆ?” ಎಂದು ಹಿಂದಿಯಲ್ಲಿ ಕೇಳಿದರು.

“ಅಂಥವರಿಗೆ ಕೋಣೆ ಯಾರು ಕೊಡುತ್ತಾರೆ, ಸರ್?” ಎಂದ ಅವನು. ತರಗತಿ ನಕ್ಕಿತು. ಅವರು ನಗಲಿಲ್ಲ.

ಮಧ್ಯಾಹ್ನ ನಾನು ಡಬ್ಬಿಯ ಮುಚ್ಚಳ ತೆಗೆದಾಗ ಅವರು ಕಾರಿಡಾರಿನಲ್ಲಿ ಹಾದುಹೋಗುತ್ತಿದ್ದರು. ಕರಿಬೇವಿನ ವಾಸನೆಗೆ ಕಾಲು ನಿಂತಿರಬೇಕು, ತಿರುಗಿ ನೋಡಿ, “ನೀವು ಕನ್ನಡದವರೇನ್ರಿ?” ಎಂದರು. ಅವರು ಧಾರವಾಡದ ಕಡೆಯವರು. ನಾನು ಅಪ್ಪನ ವೃತ್ತಿ ಹೇಳುತ್ತಲೇ ಅವರ ಮುಖ ಸಡಿಲವಾಯಿತು. ಪಕ್ಕದಲ್ಲಿ ಕುಳಿತು, ಡಬ್ಬಿಯ ಮುಚ್ಚಳದಲ್ಲಿ ನಾನು ಹಾಕಿಕೊಟ್ಟ ಅನ್ನವನ್ನು ಕೈಯಲ್ಲಿ ಹಿಡಿದುಕೊಂಡೇ, ಚೀಲದಲ್ಲಿರುವುದು ತಮ್ಮ ಅಕ್ಕನ ಅಸ್ಥಿ ಎಂದು ಹೇಳಿದರು.

ಶಾರದಕ್ಕನನ್ನು ಮದುವೆಯಾದವನು ವರ್ಷ ತುಂಬುವುದರೊಳಗೆ ಅವಳನ್ನು ತವರಿನ ಬಾಗಿಲಲ್ಲಿ ಬಿಟ್ಟು, ಇನ್ನೊಬ್ಬಳನ್ನು ಕರೆತಂದಿದ್ದ. ತಾಯಿಯಿಲ್ಲದ ತಮ್ಮನನ್ನು ಬೆಳೆಸಿದವಳು ಅವಳೇ. ಹುಡುಗನಿಗೆ ಕಣ್ಣಿನ ಬೇನೆ ಬಂದು ಓದಬಾರದೆಂದು ವೈದ್ಯರು ಕಟ್ಟುನಿಟ್ಟು ಮಾಡಿದ ವರ್ಷ, ಪಾಠಗಳನ್ನೆಲ್ಲ ಅವಳೇ ಗಟ್ಟಿಯಾಗಿ ಓದಿ ಕೇಳಿಸಿದ್ದಳು. ತನಗೆ ಅರ್ಥವಾಗದ ಇಂಗ್ಲಿಷನ್ನು ಕೂಡ ಅಕ್ಷರ ಅಕ್ಷರವಾಗಿ. “ಕಾಶಿಯಲ್ಲಿ ಕಲಿಸಲಿಕ್ಕೆ ಬರ್ತೀರೇನು ಅಂತ ಕೇಳಿದಾಗ ಹೂಂ ಅಂದೆ, ಇದರ ಸಲುವಾಗಿ. ಸಂಜೆಗೇ ರೈಲು. ನಿಮ್ಮ ತಂದೆಯವರು ಮಾಡಿಸ್ತಾರೇನು?”

ಮಾಡಿಸುತ್ತಾರೆ ಎಂದೆ. ಹೇಳಿದ ಮೇಲೆ ಅಳುಕು ಶುರುವಾಯಿತು. ಅಪ್ಪನ ಶಾಸ್ತ್ರದ ಬಿಗಿ ನಿಮಗೆ ಗೊತ್ತಿಲ್ಲ. ಒಮ್ಮೆ ಅಜ್ಜನ ಹೆಸರು ನೆನಪಿಲ್ಲವೆಂದ ಯಾತ್ರಿಕರೊಬ್ಬರನ್ನು ಸೋನಾರ್‌ಪುರದ ಫೋನ್ ಬೂತಿಗೆ ಕಳಿಸಿ, ಊರಿಗೆ ಕರೆ ಮಾಡಿಸಿ, ಹೆಸರು ಬಂದ ಮೇಲೆಯೇ ದರ್ಭೆ ಕೈಗೆತ್ತಿಕೊಂಡವರು ಅವರು. ಮದುವೆಯಾದ ಹೆಣ್ಣಿಗೆ ಗಂಡನ ಗೋತ್ರವೇ ಗೋತ್ರ.

ತರಗತಿಯನ್ನು ಸ್ವಲ್ಪ ಬೇಗ ಮುಗಿಸಿದ ಸುಧಾಕರರ ಜೊತೆ ರಿಕ್ಷಾ ಹತ್ತಿ ಬಂದಾಗ, ನಾನು ಮೊದಲೇ ಫೋನ್ ಮಾಡಿ ತಿಳಿಸಿದ್ದರಿಂದ ಕೇದಾರ ಘಾಟಿನ ಮೆಟ್ಟಿಲಲ್ಲಿ ಅಪ್ಪ ಕಾಯುತ್ತಿದ್ದರು. ಬಿಸಿಲು ಇನ್ನೂ ಆಚೆ ದಡದ ಮರಳಿನ ಮೇಲಿತ್ತು. ನಾವು ಹತ್ತಿದ ದೋಣಿ ನದಿಯ ನಡುವೆ ನಿಂತಿತು. ಅಪ್ಪ ಆಚಮನ ಮಾಡಿಸಿ, ಸಂಕಲ್ಪಕ್ಕೆ ಅಕ್ಕನ ಹೆಸರು ಕೇಳಿದರು; ಸುಧಾಕರ ಹೇಳಿದರು. ಗೋತ್ರ ಕೇಳಿದರು.

“ನಮ್ಮದು ವಸಿಷ್ಠ ಗೋತ್ರ,” ಎಂದರು ಸುಧಾಕರ.

“ಅವರ ಯಜಮಾನರದು?”

ಸುಧಾಕರ ಚೀಲದಿಂದ ತೆಗೆದ ಅಸ್ಥಿಯ ಗಡಿಗೆಯನ್ನು ಎದೆಗೆ ಒತ್ತಿಕೊಂಡರು. “ಸ್ವಾಮಿ, ಅವನ ಗೋತ್ರ ನನಗೆ ಗೊತ್ತದ. ಆದರ ಅದನ್ನ ಹೇಳಿ ನಾನು ಅಕ್ಕನನ್ನ ಗಂಗೆಗೆ ಬಿಡಲಾರೆ. ತಿರುಗಿ ಅವನ ಬಾಗಿಲಿಗೇ ಕಳಿಸಿದಂಗ ಆಗ್ತದ.”

ದೋಣಿಯವನು ಹುಟ್ಟು ಎತ್ತಿ ಹಿಡಿದು ನಮ್ಮೆಲ್ಲರ ಮುಖ ನೋಡುತ್ತಿದ್ದ. ಮಾತು ತಿಳಿಯದಿದ್ದರೂ ಏನೋ ತಡೆದಿದೆಯೆಂದು ಅವನಿಗೂ ತಿಳಿದಿತ್ತು. ನಾನು ಅಪ್ಪನನ್ನು ನೋಡುವ ಧೈರ್ಯ ಮಾಡಲಿಲ್ಲ.

“ಗೋತ್ರ ಗೊತ್ತಿಲ್ಲ ಅಂತಾಯಿತು,” ಎಂದರು ಅಪ್ಪ.

“ಇಲ್ಲ ಸ್ವಾಮಿ, ಗೊತ್ತದ, ಆದರ...”

“ಗೊತ್ತಿಲ್ಲ ಅಂತಾಯಿತು,” ಅಪ್ಪ ಮತ್ತೆ ಹೇಳಿದರು, ದನಿಯೇರಿಸದೆ. “ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಅಂತ ಶಾಸ್ತ್ರದಲ್ಲೇ ಇದೆ. ಎಲ್ಲರೂ ಕಶ್ಯಪನ ಮಕ್ಕಳೇ. ಕೈ ಮುಂದೆ ಹಿಡಿಯಿರಿ.”

ಮಂತ್ರ ಸಾಗಿತು. ಸುಧಾಕರ ಗಡಿಗೆಯನ್ನು ನೀರಿಗೆ ಬಾಗಿಸಿದಾಗ ಬೂದಿ ಒಂದು ಕ್ಷಣ ಮೇಲೆ ತೇಲಿ, ಮೆಲ್ಲಗೆ ಬಣ್ಣ ಕಳೆದುಕೊಂಡಿತು. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ದಡ ಬಂದ ಮೇಲೆಯೇ ಮತ್ತೆ ಹಾಕಿಕೊಂಡರು. ಮೆಟ್ಟಿಲಲ್ಲಿ ಅಪ್ಪನ ಕಾಲು ಮುಟ್ಟಿ, ನನಗೆ ಕೈಮುಗಿದು, ಸ್ಟೇಷನ್ನಿಗೆ ಹೊರಟರು.

ಗಲ್ಲಿಯಲ್ಲಿ ನಡೆಯುತ್ತ ನಾನು ಕೇಳಿದೆ: “ಅಪ್ಪ, ಅವರಿಗೆ ಗೊತ್ತಿತ್ತಲ್ಲ?”

“ನನಗೆ ಗೊತ್ತಿರಲಿಲ್ಲ,” ಎಂದರು. ಒಂದಿಷ್ಟು ದೂರ ನಡೆದ ಮೇಲೆ, “ಕೇಳುವ ಮನಸ್ಸೂ ಆಗಲಿಲ್ಲ,” ಎಂದರು.

ಇಷ್ಟು ವರ್ಷ ನಾನು ಅಪ್ಪನ ನಿಯಮವನ್ನು ಗೋಡೆಯೆಂದೇ ತಿಳಿದಿದ್ದೆ. ಆ ಗೋಡೆಗೆ ಹಿಂದಿನವರು ಯಾರೋ ಒಂದು ಬಾಗಿಲಿಟ್ಟು ಹೋಗಿದ್ದಾರೆಂಬುದು ಅವರಿಗೆ ಮೊದಲಿನಿಂದ ಗೊತ್ತಿದ್ದಿರಬೇಕು. ಅದನ್ನು ಯಾರಿಗಾಗಿ ತೆರೆಯಬೇಕೋ ಅಂಥವರು ಯಾರೂ ಅವರೆದುರು ಬಂದಿರಲಿಲ್ಲವೋ, ಬಂದವರನ್ನು ಅವರು ಕಂಡಿರಲಿಲ್ಲವೋ, ನಾನು ಕೇಳಲಿಲ್ಲ.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಗಂಗೆ ಉಕ್ಕಿ ಮೆಟ್ಟಿಲುಗಳನ್ನು ನುಂಗಿದ್ದಳು. ಕೆಸರು ನೀರಿನಲ್ಲಿ ಸೊಂಟದವರೆಗೆ ನಿಂತು ಅಪ್ಪ ತರ್ಪಣ ಕೊಡುತ್ತಿದ್ದರು. ಒಣಬಟ್ಟೆ ಹಿಡಿದು ನಾನು ಮೇಲೆ ನಿಂತಿದ್ದೆ. ಅಜ್ಜ, ಮುತ್ತಜ್ಜ, ಅಜ್ಜಿ, ಅಪ್ಪನಿಗೆ ಪಾಠ ಹೇಳಿದ ಗುರುಗಳು, ಎಲ್ಲರ ಹೆಸರೂ ಮುಗಿದವು. ಇನ್ನು ಮೇಲೆ ಬರುತ್ತಾರೆಂದು ನಾನು ಬಟ್ಟೆ ಬಿಡಿಸಿದೆ. ಅಪ್ಪ ಬರಲಿಲ್ಲ. ಮತ್ತೊಮ್ಮೆ ಎಳ್ಳು ತೆಗೆದುಕೊಂಡು, ಬೊಗಸೆ ತುಂಬಿ, ಕಣ್ಣು ಮುಚ್ಚಿ, ತಾವು ಒಮ್ಮೆಯೂ ನೋಡದ ಹೆಂಗಸಿನ ಹೆಸರು ಹಿಡಿದು ಕರೆದರು: “ಕಾಶ್ಯಪ ಗೋತ್ರಾಂ ಶಾರದಾಂ...” ಹೆಬ್ಬೆರಳ ಸಂದಿಯಿಂದ ನೀರು ನಿಧಾನವಾಗಿ ಇಳಿಯಿತು.