ಸೊಸೆಯ ಎದುರಿನ ಉತ್ತರಗಳು

ಕುಪ್ಪಗಡ್ಡೆಯ ಗುಡ್ಡಮ್ಮ ನಲವತ್ತು ವರ್ಷ ಸೂಲಗಿತ್ತಿಯಾಗಿದ್ದವಳು. ಕೈ ನಡುಗತೊಡಗಿದ ಮೇಲೆ ಯಾರೂ ಕರೆಯಲಿಲ್ಲ. ಆಗಿನಿಂದ ನಿದ್ದೆ ದೂರವಾಯಿತು, ಊಟ ಸೇರದಾಯಿತು. ಮನೆಯಲ್ಲಿ ಅವಳು ಈ ಬಗ್ಗೆ ಬಾಯಿ ಬಿಡಲಿಲ್ಲ.

೧೯೫೮ರ ಒಂದು ಮಧ್ಯಾಹ್ನ ಶಿಕಾರಿಪುರದ ಆಸ್ಪತ್ರೆಯಿಂದ ವಾಗ್ದೇವಿ ಎಂಬ ತರುಣಿ ಬಂದಳು. ಮುದುಕರ ಮನಸ್ಸಿನ ಬೇಸರ ಅಳೆಯುವ ಇಪ್ಪತ್ತು ಪ್ರಶ್ನೆಗಳ ಹಾಳೆ ಅವಳ ಕೈಲಿತ್ತು. ಸೊಸೆ ಹೂವಮ್ಮ ಪಕ್ಕದಲ್ಲೇ ಅಕ್ಕಿ ಆರಿಸುತ್ತ ಕೂತಳು.

"ರಾತ್ರಿ ನಿದ್ದೆ ಬರುತ್ತಾ ಅಜ್ಜಿ?"

"ಹೂಂ."

"ಒಬ್ಬರೇ ಕೂತು ಅಳ್ತೀರಾ?"

"ಇಲ್ಲ."

"ನಮ್ಮತ್ತೆಗೆ ಏನ್ ಕಮ್ಮಿ ಮಾಡೀವ್ರೀ ಅಳೋಕೆ?" ಎಂದು ಹೂವಮ್ಮ ನಕ್ಕಳು.

ಹತ್ತೊಂಬತ್ತು ಉತ್ತರಗಳಲ್ಲಿ ಒಂದೂ ನಿಜವಿರಲಿಲ್ಲ.

"ಕೊನೇದು. ಬದುಕಿದ್ದು ಸಾಕು ಅನ್ನಿಸಿದ್ದುಂಟಾ?"

ಗುಡ್ಡಮ್ಮ ಹಾಳೆಯನ್ನೇ ನೋಡಿದಳು. ಇಲ್ಲ ಎಂದರೆ ಈಕೆ ಹಾಳೆ ಮಡಚಿಕೊಂಡು ಹೊರಟುಬಿಡುತ್ತಾಳೆ. ಇನ್ನು ಯಾರೂ ಕೇಳುವುದಿಲ್ಲ.

ಹೆರಿಗೆಯ ಕೋಣೆಯಲ್ಲಿ ತಾನು ಮೊದಲು ಮಾಡುತ್ತಿದ್ದ ಕೆಲಸ ಅವಳಿಗೆ ನೆನಪಾಯಿತು. ಬಸುರಿಯ ನೋವು ವಿಚಾರಿಸುವ ಮುಂಚೆ ಅವಳ ಅತ್ತೆಯನ್ನು ಹೊರಗೆ ಕಳಿಸುತ್ತಿದ್ದಳು. ಅತ್ತೆಯ ಎದುರು ಯಾವ ಹುಡುಗಿಯೂ ನಿಜ ಹೇಳಿದ್ದಿಲ್ಲ.

"ಹೂವಮ್ಮ, ಬಾವಿಯಿಂದ ಎರಡು ಕೊಡ ನೀರು ತಗಂಬಾ."

ಸೊಸೆ ಬೀದಿಯ ತಿರುವು ದಾಟುವವರೆಗೂ ಗುಡ್ಡಮ್ಮ ಕಾದಳು. ಆಮೇಲೆ ಹಾಳೆಯ ಮೇಲೆ ನಡುಗುವ ಬೆರಳಿಟ್ಟಳು.

"ಬರ್ದಿದ್ದೆಲ್ಲ ಹೊಡೆದಾಕ್ರವ್ವಾ. ಮೊದಲ್ನೇದ್ರಿಂದ ಕೇಳಿ."