ವೆರ್ನಾ ಪಾವ್ಲಿಕ್ ಜೋಡಿಸಿದ ಕಂಪ್ಯೂಟರು

ಕೆನಡಾದ ರೆಜೈನಾ ಊರಿನಲ್ಲಿ ಕಾರು ಗುದ್ದಿಸಿಕೊಂಡವರಿಗೆಲ್ಲ ವೆರ್ನಾ ಪಾವ್ಲಿಕ್ ಗೊತ್ತಿದ್ದಳು. ವಿಮಾ ಕಂಪನಿಯಲ್ಲಿ ಅವಳ ಕೆಲಸವೇ ಅದು. ನಜ್ಜುಗುಜ್ಜಾದ ಕಾರನ್ನು ಸುತ್ತಿ ನೋಡಿ, ಪೆಟ್ಟು ಬಿದ್ದದ್ದು ಮಾಲೀಕ ಹೇಳಿದ ಹಾಗೆಯೋ ಅಲ್ಲವೋ ಎಂದು ತೀರ್ಮಾನಿಸಬೇಕು. ಜಿಂಕೆ ಅಡ್ಡ ಬಂತು ಎಂದವರ ಬಂಪರಿನಲ್ಲಿ ಕೂದಲು ಹುಡುಕುತ್ತಿದ್ದಳು. ಆಲಿಕಲ್ಲು ಬಿತ್ತು ಎಂದವರ ಬಾನೆಟ್ಟಿನ ಮೇಲೆ ಸುತ್ತಿಗೆಯ ಗುರುತು ಹುಡುಕುತ್ತಿದ್ದಳು. “ಇದನ್ನ ನೀವೇ ಮಾಡಿಕೊಂಡಿಲ್ಲ ಅಂತ ನಮಗೇನು ಗೊತ್ತು?” ಎಂಬ ಮಾತು ಅವಳ ಬಾಯಲ್ಲಿ ಹಲೋ ಅಂದಷ್ಟೇ ಸಲೀಸಾಗಿ ಬರುತ್ತಿತ್ತು.

ನಿವೃತ್ತಿಯಾದ ಮೇಲೂ ಆ ಕಣ್ಣು ನಿವೃತ್ತಿಯಾಗಲಿಲ್ಲ. ಅವಳು ಜನ್ಮದಲ್ಲಿ ವಿಮಾನ ಹತ್ತಿದವಳಲ್ಲ. ಮುಚ್ಚಿದ ಬಾಗಿಲ ಹಿಂದೆ ಕೂತವನು ಯಾರೋ, ರಾತ್ರಿ ನಿದ್ದೆ ಮಾಡಿದ್ದಾನೋ ಇಲ್ಲವೋ, ಅವನ ಕೈಗೆ ಪ್ರಾಣ ಕೊಡುವುದು ಹೇಗೆ? ಆದರೆ ಆಕಾಶದ ಆಸೆ ಇತ್ತು. ಅದಕ್ಕೆ ಅವಳು ಕಂಪ್ಯೂಟರಿನಲ್ಲಿ ವಿಮಾನ ಓಡಿಸುವ ಆಟ ಕಲಿತಳು. ಅಲ್ಲಿ ಪೈಲಟ್ ತಾನೇ, ಅನುಮಾನಕ್ಕೆ ಜಾಗವಿಲ್ಲ. ತೊಂದರೆ ಎಂದರೆ ಮನೆಯ ಹಳೇ ಕಂಪ್ಯೂಟರಿಗೆ ಆ ಆಟ ಎಳೆಯಲು ಆಗುತ್ತಿರಲಿಲ್ಲ. ರನ್‌ವೇ ಮುಂದೆ ಕಾಣಿಸುವಷ್ಟರಲ್ಲಿ ಚಿತ್ರ ಕಟ್ಟಾಗಿ ವಿಮಾನ ಗೋಧಿಹೊಲಕ್ಕೆ ಬಿದ್ದಿರುತ್ತಿತ್ತು.

“ಅಂಗಡೀಲಿ ರೆಡಿ ಇರೋದು ಒಂದು ತಗೊಂಡು ಬಾರೇ,” ಎಂದಳು ತಂಗಿ ಮಾರ್ಲಿನ್. ಚರ್ಚಿನ ಅಡುಗೆಮನೆಗೆ ಆಲೂಗೆಡ್ಡೆ ಹೂರಣದ ಪೆರೋಗಿ ಕಡುಬು ಮಡಿಚಿಕೊಂಡು ಅಕ್ಕನ ಮೇಜಿನಲ್ಲೇ ಕೂತಿದ್ದಳು.

“ರೆಡಿ ಇರೋದರ ಹೊಟ್ಟೇಲಿ ಏನು ತುಂಬಿರ್ತಾರೋ ನಿಂಗೆ ಗೊತ್ತಾ?”

“ನಿಂಗೆ ಪೆರೋಗಿ ಹೊಟ್ಟೇಲೂ ಅನುಮಾನ. ತಿನ್ನೋ ಮುಂಚೆ ಬಿಚ್ಚಿ ನೋಡ್ತೀಯ.”

“ಒಂದ್ಸಲ ಅದರಲ್ಲಿ ನಿನ್ನ ಹೇರ್‌ಪಿನ್ ಇರಲಿಲ್ವಾ?”

ಮಾರ್ಲಿನ್ ಮುಂದಿನ ಪೆರೋಗಿಯ ಅಂಚನ್ನು ಒತ್ತಿ ಮುಚ್ಚಿದಳು.

ಹೀಗಾಗಿ ವೆರ್ನಾ ಬಿಡಿಭಾಗಗಳನ್ನು ತಾನೇ ಆರಿಸಿ ಜೋಡಿಸಲು ಹೊರಟಳು. ಚಳಿಗಾಲವಿಡೀ ವಿಡಿಯೋ ನೋಡಿ ಕಲಿತಳು. ಯಾವ ಪ್ರೊಸೆಸರ್ ಯಾವ ಮದರ್‌ಬೋರ್ಡಿನಲ್ಲಿ ಕೂರುತ್ತದೆ, ಗ್ರಾಫಿಕ್ಸ್ ಕಾರ್ಡಿನ ಉದ್ದ ಕ್ಯಾಬಿನೆಟ್ಟಿಗೆ ಹಿಡಿಸುತ್ತದೆಯೇ, ಎಲ್ಲವನ್ನೂ ತಿಳಿದುಕೊಂಡಳು. ವಿಡಿಯೋದಲ್ಲಿ ಹೊಗಳಿದವನಿಗೆ ಕಂಪನಿ ದುಡ್ಡು ಕೊಟ್ಟಿರಬಹುದು, ತೆಗಳಿದವನಿಗೆ ಎದುರಾಳಿ ಕಂಪನಿ ಕೊಟ್ಟಿರಬಹುದು ಎಂದು ಇಬ್ಬರನ್ನೂ ಅರ್ಧರ್ಧ ನಂಬಿದಳು.

ಊರಿನ ಪೂರ್ವಕ್ಕೆ ದೊಡ್ಡ ಕಂಪ್ಯೂಟರ್ ಅಂಗಡಿ. ಅಲ್ಲಿ ಡಾರ್ಸಿ ಎಂಬ ಸೇಲ್ಸ್‌ನವನು ಗಂಟುಬಿದ್ದ. ನಲವತ್ತರ ಆಸುಪಾಸಿನ, ಬಿಡುವಿಲ್ಲದೆ ಮಾತಾಡುವ ಆಸಾಮಿ.

“ಮೇಡಂ, ಈ ಕಾರ್ಡು ಹಾಕ್ತೀರಾದ್ರೆ ಈ ಪವರ್ ಸಪ್ಲೈ ಸಾಲಲ್ಲ. ಒಂದು ಸೈಜು ದೊಡ್ಡದು ತಗೊಳ್ಳಿ.”

“ದೊಡ್ಡದು ಮಾರಿದ್ರೆ ನಿಮಗೆ ಕಮಿಷನ್ನಾ?”

ಡಾರ್ಸಿ ನಕ್ಕ. “ಕಮಿಷನ್ ಇದ್ದಿದ್ರೆ ನಾನಿನ್ನೂ ಆ ಹಳೇ ಕಾರಲ್ಲೇ ಓಡಾಡ್ತಿರಲಿಲ್ಲ ಬಿಡಿ.”

ಉತ್ತರ ನೇರವಾಗಿ ಬರಲಿಲ್ಲ ಎಂಬುದನ್ನು ವೆರ್ನಾ ಗಮನಿಸಿಟ್ಟುಕೊಂಡಳು. ದೊಡ್ಡದನ್ನೇ ಕೊಂಡಳು, ಆದರೆ ಆವತ್ತಿನಿಂದ ಅವನು ಅವಳ ಲೆಕ್ಕದಲ್ಲಿ ಜಾರಿಕೊಳ್ಳುವ ಮನುಷ್ಯ.

ಮನೆಯಲ್ಲಿ ಊಟದ ಮೇಜಿನ ಮೇಲೆ ಎಲ್ಲವನ್ನೂ ಹರಡಿದಳು. ಪ್ರೊಸೆಸರಿನ ಡಬ್ಬಿಗೆ ಸೀಲ್ ಇತ್ತು. ಸೀಲ್ ಇದ್ದದ್ದಕ್ಕೆ ಹೆಚ್ಚು ನೋಡದೆ ಕೊಯ್ದು ತೆಗೆದಳು. ಮದರ್‌ಬೋರ್ಡಿನ ಚೌಕದೊಳಗೆ ಅದನ್ನು ಇಡಲು ಹೋದರೆ ಅಂಚಿನ ಕಚ್ಚುಗಳು ಹೊಂದಲೊಲ್ಲವು. ತಿರುಗಿಸಿ ನೋಡಿದಳು, ಹೊಂದಲಿಲ್ಲ. ಭೂತಗನ್ನಡಿ ತಂದು ನೋಡಿದರೆ ಮೇಲೆ ಕೆತ್ತಿದ್ದ ಹೆಸರೇ ಬೇರೆ. ಎಷ್ಟೋ ವರ್ಷದ ಹಿಂದಿನ ಸರಕು. ಬಿಸಿ ತಗ್ಗಿಸಲು ಕೂಲರಿನಡಿ ಹಚ್ಚುವ ಬೂದು ಪೇಸ್ಟು ಅಂಚಿನಲ್ಲಿ ಒಣಗಿ ಬೇರೆ ಅಂಟಿಕೊಂಡಿತ್ತು. ಯಾರದೋ ಕಂಪ್ಯೂಟರಿನಲ್ಲಿ ದುಡಿದು ಸವೆದದ್ದನ್ನು ಹೊಸ ಡಬ್ಬಿಯಲ್ಲಿಟ್ಟು ಮಾರಿದ್ದರು. ಡಬ್ಬಿಯನ್ನು ಬೆಳಕಿಗೆ ಹಿಡಿದಾಗ, ಮೊದಲೇ ಹರಿದಿದ್ದ ಸೀಲಿನ ಮೇಲೆ ಇನ್ನೊಂದು ಟೇಪು ಹಚ್ಚಿದ್ದು ಕಂಡಿತು. ಕಂಪನಿಯ ಟೇಪಿಗೆ ಹೊಳಪಿರಲಿಲ್ಲ, ಇದು ಮಿರಮಿರ ಮಿಂಚುತ್ತಿತ್ತು.

ಮರುದಿನ ಅಂಗಡಿಯ ವಾಪಸಾತಿ ಕೌಂಟರಿನಲ್ಲಿ ಮ್ಯಾನೇಜರ್ ಫ್ರೀಸನ್ ಎಲ್ಲವನ್ನೂ ಕೇಳಿಸಿಕೊಂಡ. ತೆಳ್ಳಗಿನ, ಸೌಜನ್ಯದ ಮನುಷ್ಯ. ಕೊನೆಗೆ ಕೈ ಜೋಡಿಸಿ ಕೌಂಟರಿನ ಮೇಲಿಟ್ಟು ಹೇಳಿದ:

“ಮೇಡಂ, ಬೇಜಾರು ಮಾಡ್ಕೋಬೇಡಿ. ಇದನ್ನ ನೀವೇ ಬದಲಾಯಿಸಿಲ್ಲ ಅಂತ ನಮಗೇನು ಗೊತ್ತು?”

ವೆರ್ನಾಳ ಕಿವಿ ಬಿಸಿಯಾಯಿತು. ಆ ಮಾತನ್ನು ಅವಳು ಎಷ್ಟು ಜನರ ಮುಖಕ್ಕೆ ಎಸೆದಿದ್ದಳೋ! ತನ್ನ ಮುಖಕ್ಕೆ ಬಂದು ಬಿದ್ದದ್ದು ಇದೇ ಮೊದಲು. ತಾನು ಕೊಂಡ ಕೂಲರಿನ ಪೇಸ್ಟನ್ನು ಮುಟ್ಟಿಯೇ ಇಲ್ಲ ಎಂದು ತೋರಿಸಿದಳು. ಅದು ಇನ್ನೂ ಪ್ಲಾಸ್ಟಿಕ್ ಮುಚ್ಚಳದಡಿ ಹಾಗೇ ಇತ್ತು.

“ಮನೇಲಿ ಇನ್ನೊಂದು ಕಂಪ್ಯೂಟರ್ ಇರಬಹುದಲ್ಲ,” ಎಂದ ಫ್ರೀಸನ್, ಮೆಲ್ಲಗೆ.

ಅವನ ಜಾಗದಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು. ಕೂಗಾಡಲಿಲ್ಲ. ಎದುರಿನ ಬೆಂಚಿನಲ್ಲಿ ಕೋಟು ಬಿಚ್ಚಿ ಕೂತಳು. ಥರ್ಮಸ್ಸಿನಿಂದ ಚಹಾ ಬಗ್ಗಿಸಿಕೊಂಡು ಕೌಂಟರನ್ನೇ ನೋಡತೊಡಗಿದಳು. ಜನ ವಾಪಸು ತಂದ ಡಬ್ಬಿಗಳ ಸೀಲನ್ನು ಮಾತ್ರ ನೋಡಿ ದುಡ್ಡು ಮರಳಿಸುತ್ತಿದ್ದರು, ಒಳಗೆ ಯಾರೂ ನೋಡುತ್ತಿರಲಿಲ್ಲ. ಡಬ್ಬಿಗಳು ಗಾಡಿ ಹತ್ತಿ ಮತ್ತೆ ಶೆಲ್ಫಿಗೆ ಹೋಗುತ್ತಿದ್ದವು. ಗಾಡಿ ತಳ್ಳುತ್ತಿದ್ದವನು ಡಾರ್ಸಿ.

ಅಲ್ಲಿಗೆ ಅವಳ ಮನಸ್ಸಿನಲ್ಲಿ ಎಲ್ಲ ಕೂಡಿಕೊಂಡಿತು. ಜಾರಿಕೊಳ್ಳುವ ಮಾತು, ಹಳೇ ಕಾರು, ಕೈಯಲ್ಲಿ ಗಾಡಿ. ಫ್ರೀಸನ್ ಹತ್ತಿರ ಹೋಗಿ ಸಣ್ಣ ದನಿಯಲ್ಲಿ ಹೇಳಿದಳು: “ನಿಮ್ಮ ಅಂಗಡಿಯವರನ್ನೇ ಮೊದಲು ನೋಡಿಕೊಳ್ಳಿ. ಆ ಡಾರ್ಸಿ ಶೆಲ್ಫಿನವರೆಗೆ ಹೋಗುವಾಗ ಒಬ್ಬನೇ ಇರ್ತಾನೆ.”

ಫ್ರೀಸನ್ ಮುಖ ಬಿಗಿಯಾಯಿತು. ಸ್ವಲ್ಪ ಹೊತ್ತಿಗೆ ಡಾರ್ಸಿಯನ್ನು ಒಳಗೆ ಕರೆದರು. ಬಾಗಿಲು ಹಾಕಿಕೊಂಡಿತು. ಅವನು ಹೊರಗೆ ಬಂದಾಗ ಕುತ್ತಿಗೆಯಲ್ಲಿ ಅಂಗಡಿಯ ಗುರುತಿನ ಕಾರ್ಡು ಇರಲಿಲ್ಲ. ಜಾಕೆಟ್ ತೊಟ್ಟು, ಯಾರ ಕಡೆಗೂ ನೋಡದೆ ಹಿಮದೊಳಗೆ ನಡೆದು ಹೋದ.

ವೆರ್ನಾಳಿಗೆ ಗೆದ್ದ ಹಾಗೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ತಪ್ಪು ಮಾಡಿದವರು ಹೊರಗೆ ಹೋಗುವಾಗ ಒಮ್ಮೆಯಾದರೂ ತಿರುಗಿ ನೋಡುತ್ತಾರೆ ಎಂದು ಅವಳ ಕೆಲಸ ಅವಳಿಗೆ ಕಲಿಸಿತ್ತು.

ಎರಡು ದಿನ ಬಿಟ್ಟು ಮತ್ತೆ ಅದೇ ಬೆಂಚಿಗೆ ಬಂದಳು.

“ಇಲ್ಲಿ ಸುಮ್ಮನೆ ಕೂರೋ ಹಾಗಿಲ್ಲ ಮೇಡಂ,” ಎಂದ ಫ್ರೀಸನ್.

“ಕೀಬೋರ್ಡ್ ನೋಡ್ತಿದೀನಿ.”

“ಕೀಬೋರ್ಡ್ ಆ ಕಡೆ ಇದೆ.”

“ದೂರದಿಂದ ನೋಡಿದ್ರೇ ನಂಗೆ ಚೆನ್ನಾಗಿ ಕಾಣೋದು.”

ಆಗ ಒಬ್ಬ ಹೆಂಗಸು ಬಂದಳು. ಒಳ್ಳೆಯ ಉಣ್ಣೆ ಕೋಟು, ನಗುಮುಖ. ಪ್ರೊಸೆಸರಿನ ಡಬ್ಬಿಯೊಂದನ್ನು ಕೌಂಟರಿನ ಮೇಲಿಟ್ಟು, “ಅಳಿಯನಿಗೆ ಅಂತ ತಗೊಂಡಿದ್ದೆ, ಅವನ ಹತ್ರ ಆಗಲೇ ಇದೆಯಂತೆ, ಬಿಚ್ಚೇ ಇಲ್ಲ,” ಎಂದಳು. ಕೌಂಟರಿನವನು ಸೀಲ್ ನೋಡಿ ತಲೆಯಾಡಿಸಿದ.

ದೀಪದಡಿ ಟೇಪು ಮಿರಮಿರ ಮಿಂಚಿತು.

ವೆರ್ನಾ ಎದ್ದೇಬಿಟ್ಟಳು. “ಫ್ರೀಸನ್, ಅದನ್ನ ಈಗಲೇ ಬಿಚ್ಚಿ.”

“ಯಾರಮ್ಮ ನೀನು?” ಎಂದಳು ಕೋಟಿನ ಹೆಂಗಸು. ನಗು ಇನ್ನೂ ಇತ್ತು, ಆದರೆ ಕೈ ಡಬ್ಬಿಯ ಕಡೆ ಹೊರಟಿತ್ತು. “ಬೇಡ ಬಿಡಿ, ವಾಪಸು ತಗೊಂಡು ಹೋಗ್ತೀನಿ.”

ಫ್ರೀಸನ್ ಆ ಕೈಯನ್ನು ನೋಡಿದ. ಡಬ್ಬಿ ಎತ್ತಿಕೊಂಡು ಬ್ಲೇಡು ಹಾಕಿದ. ಒಳಗೆ ಸವೆದ ಹಳೇ ಪ್ರೊಸೆಸರು, ಅಂಚಿನಲ್ಲಿ ಒಣಗಿದ ಪೇಸ್ಟು. ಅವನು ತಲೆ ಎತ್ತುವಷ್ಟರಲ್ಲಿ ಹೆಂಗಸು ಬಾಗಿಲು ದಾಟಿದ್ದಳು. ಪಾರ್ಕಿಂಗಿನಲ್ಲಿ ಅವಳ ಕಾರು ಹಿಮದಲ್ಲಿ ಜಾರಿ, ಹೊರಡಲಾಗದೆ ಗಿರಗಿರ ಚಕ್ರ ತಿರುಗಿಸುತ್ತಿದ್ದಾಗಲೇ ಫ್ರೀಸನ್ ಕರೆದ ಪೊಲೀಸರು ಬಂದರು. ಹೊಸದನ್ನು ಇಟ್ಟುಕೊಂಡು ಡಬ್ಬಿಗೆ ಹಳೆಯದನ್ನು ತುಂಬಿ ದುಡ್ಡು ವಾಪಸು ಪಡೆಯುವ ಇದೇ ಆಟವನ್ನು ನಗರದ ಬೇರೆ ಅಂಗಡಿಗಳಲ್ಲೂ ಅವಳು ಆಡಿದ್ದಳೆಂದು ಆಮೇಲೆ ತಿಳಿಯಿತು.

ಫ್ರೀಸನ್ ಹೊಸ ಪ್ರೊಸೆಸರನ್ನು ತಾನೇ ಬಿಚ್ಚಿ ತೋರಿಸಿ ಕೊಟ್ಟ, ಕ್ಷಮೆ ಕೇಳಿದ. ವೆರ್ನಾ ಡಬ್ಬಿ ಮುಟ್ಟಲಿಲ್ಲ.

“ಡಾರ್ಸಿಗೆ ಫೋನ್ ಮಾಡಿ ಮೊದಲು.”

“ಮಾಡ್ತೀನಿ.”

“ಈಗ. ನನ್ನೆದುರು.”

ಮುಂದಿನ ವಾರ ಡಾರ್ಸಿ ಕೆಲಸಕ್ಕೆ ಮರಳಿದ. ವೆರ್ನಾ ಅವನನ್ನು ಹುಡುಕಿಕೊಂಡು ಹೋದಳು. ಅವನು ಕೇಬಲ್ಲುಗಳನ್ನು ಕೊಕ್ಕೆಗೆ ನೇತುಹಾಕುತ್ತಿದ್ದ.

“ನಿನ್ನ ಹೆಸರು ಹೇಳಿದ್ದು ನಾನೇ. ತಪ್ಪಾಯ್ತು.”

“ಗೊತ್ತು,” ಎಂದ ಡಾರ್ಸಿ, ಕೈ ನಿಲ್ಲಿಸದೆ. “ಹೆಂಡತಿಗೆ ಏನಂತ ಹೇಳೋದು ಅಂತ ಆವತ್ತು ಕಾರಲ್ಲೇ ಕೂತಿದ್ದೆ ಮೇಡಂ. ಹೊತ್ತು ಮುಳುಗೋವರೆಗೆ.”

ಕೆಳಗೆ ಬಿದ್ದಿದ್ದ ಒಂದು ಕೇಬಲ್ಲನ್ನು ಅವಳು ಎತ್ತಿ ಕೊಟ್ಟಳು. ಅವನು ಅದನ್ನು ಕೊಕ್ಕೆಗೆ ಹಾಕಿದ, ಪರವಾಗಿಲ್ಲ ಎನ್ನಲಿಲ್ಲ.

ಕಂಪ್ಯೂಟರು ಮೊದಲ ಸಲಕ್ಕೇ ಚಾಲೂ ಆಯಿತು. ಇಷ್ಟು ಸುಲಭವಾಗಿ ಚಾಲೂ ಆದದ್ದೇ ಅನುಮಾನವಾಗಿ ವೆರ್ನಾ ಅದನ್ನು ಆರಿಸಿ ಮತ್ತೆ ಹಚ್ಚಿದಳು. ಮಾರ್ಲಿನ್ ಪಕ್ಕದಲ್ಲಿ ಕೂತು ಪರದೆಯ ಮೇಲೆ ರೆಜೈನಾ ಕೆಳಕ್ಕೆ ಸರಿಯುವುದನ್ನು ನೋಡುತ್ತ ಕುರ್ಚಿಯ ಕೈ ಹಿಡಿದುಕೊಂಡಳು. “ಅಯ್ಯೋ, ಮೆಲ್ಲಗೆ ತಿರುಗಿಸೇ!” ಎಂದು ಕಿರುಚಿದಳು.

ಬೇಸಿಗೆಯಲ್ಲಿ ಚರ್ಚಿನ ಆಫೀಸಿಗೂ ಒಂದು ಕಂಪ್ಯೂಟರ್ ಜೋಡಿಸಿಕೊಡು ಎಂದು ಮಾರ್ಲಿನ್ ಗಂಟುಬಿದ್ದಳು. ವೆರ್ನಾ ಅದೇ ಅಂಗಡಿಯಲ್ಲಿ ಮದರ್‌ಬೋರ್ಡಿನ ಡಬ್ಬಿ ಕಂಕುಳಲ್ಲಿಟ್ಟು, ರ್‍ಯಾಮ್ ಕೈಯಲ್ಲಿ ಹಿಡಿದು ನಿಂತಿದ್ದಾಗ ಪಕ್ಕದ ಸಾಲಿನಿಂದ ಡಾರ್ಸಿಯ ದನಿ ಬಂತು.

“ಅದು ಆ ಮದರ್‌ಬೋರ್ಡಿಗೆ ಆಗಲ್ಲ ಮೇಡಂ. ಅದರ ಹಿಂದಿನ ತಲೆಮಾರಿಂದು ಬೇಕು, ಕೆಳಗಿನ ಶೆಲ್ಫಲ್ಲಿದೆ.”

ವೆರ್ನಾಳ ಕೈ ತಾನಾಗಿಯೇ ಫೋನಿನ ಕಡೆ ಹೋಯಿತು, ಅರ್ಧದಲ್ಲಿ ನಿಂತಿತು.

“ನೋಡ್ಕೊಳ್ಳಿ, ನೋಡ್ಕೊಳ್ಳಿ,” ಎಂದ ಡಾರ್ಸಿ. “ನೋಡದೆ ಇದ್ರೆ ನಿಮಗೆ ರಾತ್ರಿ ನಿದ್ದೆ ಬರಲ್ಲ.”

ಅವಳು ನೋಡಿದಳು. ಅವನು ಹೇಳಿದ್ದು ಸರಿ ಇತ್ತು. ಬಗ್ಗಿ ಕೆಳಗಿನ ಶೆಲ್ಫಿನದನ್ನು ಎತ್ತಿಕೊಂಡು, “ಕ್ಯಾಬಿನೆಟ್ ಯಾವುದು ತಗೊಳ್ಳಲಿ, ಅದನ್ನೂ ಹೇಳು,” ಎಂದಳು. ಡಾರ್ಸಿ ಒಂದು ಗಳಿಗೆ ಅವಳ ಮುಖ ನೋಡಿ, ಕೈಯಲ್ಲಿದ್ದ ಕೇಬಲ್ಲುಗಳನ್ನು ಕೆಳಗಿಟ್ಟು ಈಚೆ ಬಂದ.