ಜೀಪಿಗೆ ರೇಡಿಯೋ ಕೂಡಿಸಿದ ಐತವಾರ

ಇಟ್ಟ ಕೂಡಲೇ ಆಂಟೆನಾ ಜಾರಿ ಕೆಳಗೆ ಬಿತ್ತು.

ಎತ್ತಿ ಮತ್ತೆ ಜೀಪಿನ ಮೇಲಿಟ್ಟೆ. ಮತ್ತೆ ಜಾರಿತು. ಗೆಳೆಯ ಗುರುಸಿದ್ದಪ್ಪ ಹಾವೇರಿಯ ತನ್ನ ಬ್ಯಾಟರಿ ಅಂಗಡಿಯ ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತ ಸುಮ್ಮನೆ ನೋಡುತ್ತಿದ್ದ.

"ಬಸಣ್ಣ, ಅದು ಮ್ಯಾಗ್ನೆಟ್ ಆಂಟೆನಾ. ನಿನ್ನ ಜೀಪಿನ ಟಾಪ್ ಫೈಬರ್ ಐತಿ. ಬೆಲ್ಲದ ಪಾಕ ಹಚ್ಚಿದ್ರೂ ಹಿಡಿಯಂಗಿಲ್ಲ," ಅಂದ ಕೊನೆಗೆ.

ಪೇಂಟ್ ಹೊಡೆದಿದ್ದರಿಂದ ತಗಡಿನಂತೆಯೇ ಕಾಣುತ್ತಿತ್ತು. ಆಂಟೆನಾ ಕೊಳ್ಳುವ ಮೊದಲು ಒಂದು ಸಲ ಬೆರಳಿನಿಂದ ಬಡಿದು ನೋಡಿದ್ದರೆ ಗೊತ್ತಾಗುತ್ತಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಹಾಡು ಕೇಳುವ ರೇಡಿಯೋ ಅಲ್ಲ, ಹ್ಯಾಮ್ ರೇಡಿಯೋ. ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡವರು ದೂರದಿಂದ ಒಬ್ಬರಿಗೊಬ್ಬರು ಮಾತಾಡುವ ಸೆಟ್. ಬಟನ್ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಅವರದು ಬರುತ್ತದೆ.

ಈ ಹುಚ್ಚು ನನ್ನದಲ್ಲ, ನನ್ನ ಹೆಂಡತಿ ಸುಮಂಗಲಾಳದು.

ಅವಳ ತವರು ಐರಣಿ. ಒಂದು ಮಳೆಗಾಲ ಹೊಳೆ ಏರಿ, ಕರೆಂಟ್ ಹೋಗಿ, ಮೊಬೈಲೂ ಸತ್ತು, ತಾಯಿ ಹೇಗಿದ್ದಾಳೆಂದು ತಿಳಿಯದೆ ಒದ್ದಾಡಿದಳು. ನೀರು ಇಳಿದ ಮೇಲೆ ಈ ಲೈಸೆನ್ಸಿನ ಸುದ್ದಿ ಹುಡುಕಿ ತಂದಳು. ಪುಸ್ತಕ ಓದಿದ್ದು ಅವಳು. ಅವಳು ಗಟ್ಟಿಯಾಗಿ ಓದಿದ್ದನ್ನು ಕೇಳಿ ಪಾಸಾದವನು ನಾನು.

ಬ್ಯಾಡಗಿಯಲ್ಲಿ ನಮ್ಮದು ಗೋಣಿಚೀಲದ ವ್ಯಾಪಾರ. ಹಳೆಯ ವ್ಯಾನಿನಲ್ಲಿ ನಾನು ಸ್ಟಿಯರಿಂಗ್ ಹಿಡಿದರೆ ಅವಳು ಮೈಕ್ ಹಿಡಿಯುತ್ತಿದ್ದಳು. ಐತವಾರ ಮುಂಜಾನೆ ರಾಣೆಬೆನ್ನೂರಿನ ನಿರ್ಮಲಕ್ಕ ರೇಡಿಯೋದಲ್ಲಿ ನಮ್ಮ ಕಡೆಯವರ ಹಾಜರಿ ಕರೆಯುತ್ತಾರೆ. ತನ್ನದೂ ನನ್ನದೂ ಎರಡೂ ಹಾಜರಿಯನ್ನು ಸುಮಂಗಲಾಳೇ ಹೇಳಿಬಿಡುತ್ತಿದ್ದಳು. "ನಮ್ಮವರೂ ಅದಾರ್ರೀ ಅಕ್ಕಾರ, ಗಾಡಿ ಹೊಡ್ಯಾಕತ್ತಾರ."

ಹೋದ ವರ್ಷ ಸುಮಂಗಲಾ ತೀರಿಕೊಂಡಳು...

ಸೆಟ್ಟನ್ನು ಬಿಚ್ಚಿ ಟ್ರಂಕಿನಲ್ಲಿಟ್ಟು ವ್ಯಾನ್ ಮಾರಿದೆ. ಈ ಹಳೆಯ ಜೀಪು ತಂದೆ. ಹಾಜರಿಗೆ ಮಾತ್ರ ಹೋಗಲಿಲ್ಲ. ಬಟನ್ ಒತ್ತಿ ನನ್ನ ಹೆಸರೊಂದನ್ನೇ ಹೇಳಬೇಕಲ್ಲ, ಅದಕ್ಕೆ ನಾಲಿಗೆ ಏಳುತ್ತಿರಲಿಲ್ಲ.

ಅದೇ ಹಾಜರಿಯಲ್ಲಿದ್ದ ಗುರುಸಿದ್ದಪ್ಪ ಮಾತ್ರ ಬಿಡಲಿಲ್ಲ. ಸಿಕ್ಕಾಗಲೆಲ್ಲ ಅದೇ ಮಾತು. ಕೂಡಿಸಿಕೊಡುತ್ತೇನೆ, ಬೇಕಾದರೆ ಮಾತಾಡಬೇಡ, ಕೇಳಿಸಿಕೊಂಡಾದರೂ ಹೋಗು ಅನ್ನುತ್ತಿದ್ದ. ಕೇಳಿಸಿಕೊಳ್ಳಲು ಅಡ್ಡಿಯಿಲ್ಲ ಅನ್ನಿಸಿತು. ಹಾಗೆ ಆ ಐತವಾರ ಬೆಳಗಾಗುತ್ತಲೇ ಅವನ ಅಂಗಡಿಗೆ ಹೋಗಿದ್ದೆ.

ಮ್ಯಾಗ್ನೆಟ್ ಬದಿಗಿಟ್ಟು ಅವನು ಬಾನೆಟ್ ಪಕ್ಕದಲ್ಲಿ ಕಬ್ಬಿಣದ ಒಂದು ಪಟ್ಟಿ ಹಿಡಿದು ನೋಡಿದ. ಆಂಟೆನಾಕ್ಕೆ ಕೆಳಗೆ ಲೋಹದ ಆಸರೆ ಬೇಕಂತೆ, ಇಲ್ಲದಿದ್ದರೆ ಮಾತು ದೂರ ಹೋಗುವುದಿಲ್ಲ. ಬೋಲ್ಟ್ ಕೂರುವ ಜಾಗದಲ್ಲಿ ಪೇಂಟ್ ಕೆರೆಯತೊಡಗಿದಾಗ ನಾನು ಕೈ ಹಿಡಿದೆ. ಹೊಸ ಪೇಂಟು.

"ಬಣ್ಣಾ ನೋಡ್ಕೊಂತ ಕುಂದ್ರಾಂವ ಇದ್ರ ಹೇಳು, ಒಂದು ಕುರ್ಚಿ ತರತೇನಿ," ಅಂದ. ಕೈ ಬಿಟ್ಟೆ.

ಹಾರ್ನಿನ ವೈರಿನಿಂದಲೇ ಕರೆಂಟ್ ತೆಗೆದುಕೊಂಡರಾಯಿತು ಅಂತ ನಾನು ಅಂದುಕೊಂಡಿದ್ದೆ. ಅವನು ಒಪ್ಪಲಿಲ್ಲ. ಸೀದಾ ಬ್ಯಾಟರಿಯಿಂದ ದಪ್ಪ ವೈರು ಎಳೆದು, ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿದ. ಆಂಟೆನಾದ ಕೇಬಲ್ಲನ್ನು ಬಾಗಿಲಿಗೆ ಸಿಕ್ಕು ಜಜ್ಜದಂತೆ ರಬ್ಬರಿನ ಸಂದಿಯಲ್ಲಿ ಒಳಗೆ ತಂದ. ಕೊನೆಗೆ ಮೀಟರ್ ಹಚ್ಚಿ, ಆಂಟೆನಾದ ಕಡ್ಡಿಯನ್ನು ಒಂಚೂರು ಏರಿಸಿ, ಒಂಚೂರು ಇಳಿಸಿ, ಮೀಟರಿನ ಮುಳ್ಳು ಕೆಳಗೆ ನಿಲ್ಲುವ ತನಕ ಬಿಡಲಿಲ್ಲ. ಮುಳ್ಳು ಕೆಳಗಿದ್ದಷ್ಟೂ ಮಾತು ಪೂರ್ತಿ ಹೊರಗೆ ಹೋಗುತ್ತದಂತೆ.

ಹಾಜರಿಯ ಹೊತ್ತಾಗಿತ್ತು. ಕಾಗಿನೆಲೆ ರಸ್ತೆಯಲ್ಲಿ ಸ್ವಲ್ಪ ಎತ್ತರದ ಜಾಗಕ್ಕೆ ಹೋಗಿ ಜೀಪು ನಿಲ್ಲಿಸಿದೆವು.

ನಿರ್ಮಲಕ್ಕನ ದನಿ ಬಂತು, ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟ. ಒಬ್ಬೊಬ್ಬರನ್ನೇ ಕರೆಯುತ್ತಿದ್ದಾರೆ. ಒಬ್ಬೊಬ್ಬರೇ ಹಾಜರಿ ಹೇಳುತ್ತಿದ್ದಾರೆ.

ಆಮೇಲೆ ಅವರು ಸುಮಂಗಲಾಳ ಹೆಸರು ಕರೆದರು.

ಯಾರೂ ಮಾತಾಡಲಿಲ್ಲ. ನಡುವೆ ಬಾಯಿ ಹಾಕುವವರು ಕೂಡ ಸುಮ್ಮನಿದ್ದರು. ಅಭ್ಯಾಸಬಲದಿಂದ ಕರೆದಿರಬೇಕು ಅಂದುಕೊಂಡು ಗುರುಸಿದ್ದಪ್ಪನ ಮುಖ ನೋಡಿದೆ.

"ಪ್ರತಿ ಐತವಾರ ಹಿಂಗ ಕರೀತಾರ," ಅಂದ ಮೆಲ್ಲಗೆ. "ಆಕಿ ಹೆಸರು ತಗಿಬೇಕಂದ್ರ ಮನಿಯವರು ಬಂದು ಹೇಳಬೇಕು, ನಾವ್ಯಾರು ತಗಿಯಾಕ ಅಂದ್ರು ಅಕ್ಕಾರು. ನೀ ಬರಲಿಲ್ಲ. ನಾವೂ ತಗಿಲಿಲ್ಲ."

ಅಷ್ಟರಲ್ಲಿ ನನ್ನ ಹೆಸರು ಬಂತು. ನಾನೂ ಅದೇ ಒಂದು ವರ್ಷದಿಂದ ಉತ್ತರ ಕೊಟ್ಟವನಲ್ಲ. ಅಕ್ಕ ನನಗೂ ಅಷ್ಟೇ ಹೊತ್ತು ಕಾಯುತ್ತಿದ್ದಾರೆ.

ಗುರುಸಿದ್ದಪ್ಪ ಮೈಕನ್ನು ನನ್ನ ಕೈಗೆ ಕೊಡಲಿಲ್ಲ. ಅದು ಇದ್ದಲ್ಲೇ ಇತ್ತು. ಅವನು ಕಿಟಕಿಯ ಹೊರಗೆ ಗೋವಿನಜೋಳದ ಹೊಲ ನೋಡುತ್ತ ಕುಳಿತ.

ನಾನೇ ತೆಗೆದುಕೊಂಡೆ. ಒತ್ತಿದೆ.

"ಬಸವರಾಜ ಹಾಜರ್ ಅದೇನ್ರೀ ಅಕ್ಕಾರ... ಸುಮಂಗಲಾ ಇನ್ನ ಬರೂದಿಲ್ಲರಿ. ಇಷ್ಟು ದಿನ ಕರದ್ರಿ, ಭಾಳ ಉಪಕಾರ ಆತು. ಇನ್ನ ಆಕಿ ಹೆಸರು ತಗೀರಿ."

ಬಟನ್ ಬಿಟ್ಟೆ.

"ಆತ್ರೀ ಅಣ್ಣಾರ," ಅಂದರು ನಿರ್ಮಲಕ್ಕ. "ಇನ್ನೊಮ್ಮೆ ಕರದು, ಆಮ್ಯಾಲೆ ತಗಿತೇನಿ."

ಕರೆದರು. ಈ ಸಲದ ಮೌನದಲ್ಲಿ ನಾನೂ ಅವರೆಲ್ಲರ ಜೊತೆ ಕುಳಿತಿದ್ದೆ.

ಅವಳು ಹೋದ ಮೇಲೆ ಮನೆಗೆ ಬಂದವರೆಲ್ಲ ಮರೆತುಬಿಡು ಅಂದರು, ಅವರದೂ ಪ್ರೀತಿಯೇ. ಆದರೆ ನನ್ನ ಪರವಾಗಿ ಇಷ್ಟು ದಿನ, ನನಗೇ ತಿಳಿಯದಂತೆ, ಅವಳನ್ನು ನೆನೆದವರು ಇವರು. ಇವರಲ್ಲಿ ಅರ್ಧ ಜನರ ಮುಖವನ್ನು ನಾನು ನೋಡಿಲ್ಲ.

ನಿಮ್ಮವರ ಹೆಸರನ್ನು ನೀವು ಬರುವ ತನಕ ಹೀಗೆ ಕಾಯ್ದಿಟ್ಟವರು ನಿಮಗೂ ಯಾರಾದರೂ ಇದ್ದಾರೆಯೇ?